ನಮ್ಮ ಸಂಚಾರ: ಬೆಪ್ಪುವಿನ ಏಳು ನರಕಗಳು

ಜಪಾನು ದೇಶದಲ್ಲಿ ಬೆಪ್ಪು ಎಂಬ ಹೆಸರಿನ ಒಂದು ಊರುಂಟು. ಹೆಸರನ್ನು ಕೇಳಿದೊಡನೆಯೆ ಕನ್ನಡಿಗರ ಮುಖದಲ್ಲಿ ನಗೆ ಮೂಡುವುದು ಸಹಜ. ಆ ನಾಡಿನ ನುಡಿಯಲ್ಲಿ ಆ ಹೆಸರಿಗೂ ನಮ್ಮ ಮಾತಿನ ಅರ್ಥಕ್ಕೂ ಯಾವ ಸಂಬಂಧವೂ ಇಲ್ಲ. ಹಾಗಿದ್ದರೂ ಅಲ್ಲಿಗೆ ಹೋದ ಕನ್ನಡಿಗನು ಒಂದು ಹಗಲಿನ ಮಟ್ಟಿಗಾದರೂ ಬೆಪ್ಪಾಗದೆ ಹಿಂದಿರುಗಲಾರನು. ಏಕೆಂದರೆ ಆ ಊರಿನವರು ಯಾತ್ರಿಕರಿಗೆ ತೋರಿಸುವ ಮುಖ್ಯ ನೋಟಗಳು ಗುಡಿಗಳಲ್ಲ, ಅರಮನೆಗಳಲ್ಲ, ಏಳು ನರಕಗಳು. ನರಕಕ್ಕೆ ಹೋಗುವ ದಾರಿಗೆ ಕೈಮರವುಂಟು, ಬಾಗಿಲಲ್ಲಿ ಟಿಕೇಟುಂಟು, ನೋಡಿ ಹೊರಗೆ ಬಂದವರಿಗೆ ಬೆಂದ ಮೊಟ್ಟೆಯೂ ಗೆಣಸೂ ಉಂಟು. ಈ ತಿಂಗಳು ವಾಚಕರನ್ನು ಆ ನರಕಗಳ ಬಳಿಗೆ ಕರೆದೊಯ್ಯುವೆವು; ಸುರಕ್ಷಿತವಾಗಿ ಮನೆಗೆ ತಂದು ಬಿಡುವೆವೆಂದೂ ಮಾತು ಕೊಡುವೆವು.

ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ತೆಂಕಣ ತುದಿಯದು ಕ್ಯೂಶೂ. ಅದರ ಮೂಡಣ ಕರಾವಳಿಯಲ್ಲಿ, ಓಯಿತಾ ಪ್ರಾಂತದಲ್ಲಿ, ಕಡಲಕೊಲ್ಲಿಯೊಂದರ ದಂಡೆಯಲ್ಲಿ ಬೆಪ್ಪು ಇದೆ. ಮುಂದೆ ಸಮುದ್ರ, ಹಿಂದೆ ೧,೩೭೫ ಮೀಟರು ಎತ್ತರದ ತ್ಸುರುಮಿ ಪರ್ವತ. ಪರ್ವತದ ಬುಡದಿಂದ ಕಡಲಿನವರೆಗೆ ಇಳಿಜಾರಾಗಿ ಹಬ್ಬಿದ ನೆಲದ ಮೇಲೆ ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟು ಜನರು ವಾಸವಾಗಿದ್ದಾರೆ. ಈ ಒಂದು ಊರಿನ ಎಲ್ಲೆಯೊಳಗೆ ಬಿಸಿನೀರಿನ ಬುಗ್ಗೆಗಳು ೨,೦೦೦ಕ್ಕೂ ಹೆಚ್ಚು. ಜಪಾನಿನಲ್ಲಿ ಇಷ್ಟು ಬುಗ್ಗೆಗಳಾಗಲಿ, ಇಷ್ಟು ಬಿಸಿನೀರಾಗಲಿ ಇರುವ ಊರು ಇನ್ನೊಂದಿಲ್ಲ. ಬೆಳಗಿನ ಹೊತ್ತು ಎತ್ತರದ ಒಂದು ಜಾಗದಲ್ಲಿ ನಿಂತು ನೋಡಿದರೆ ಮನೆಗಳ ನಡುವಿನಿಂದಲೂ, ಬೀದಿಯ ಚರಂಡಿಗಳಿಂದಲೂ, ಗುಡ್ಡದ ಬಿರುಕುಗಳಿಂದಲೂ ಬಿಳಿಯ ಹಬೆ ಏಳುತ್ತಿರುವುದು ಕಾಣುತ್ತದೆ. ಊರಿಗೆ ಊರೇ ಏಕಕಾಲಕ್ಕೆ ಒಲೆ ಹಚ್ಚಿ ಹಂಡೆಗೆ ನೀರು ತುಂಬಿದಂತೆ ತೋರುತ್ತದೆ.

ಇಷ್ಟು ಬಿಸಿನೀರು ಬರುವುದೆಲ್ಲಿಂದ? ಪರ್ವತದ ಮೇಲೆ ಬಿದ್ದ ಮಳೆಯೇ ಇದರ ಮೂಲ. ಮಳೆಯ ನೀರು ಕಲ್ಲಿನ ಸಂದುಗಳಲ್ಲಿ ಮೆಲ್ಲಮೆಲ್ಲನೆ ಇಳಿದು ಆಳವನ್ನು ಸೇರುತ್ತದೆ. ಅಲ್ಲಿ ಅಗ್ನಿಪರ್ವತದ ಒಡಲಿನ ಶಾಖ ತಗುಲಿ ಕುದಿಯುವ ಮಟ್ಟವನ್ನೂ ಮೀರಿ ಕಾಯುತ್ತದೆ. ಮೇಲಿನ ಭಾರದಿಂದ ಆವಿಯಾಗಲಾರದೆ, ಬಿರುಕುಗಳನ್ನು ಹುಡುಕಿಕೊಂಡು ಮರಳಿ ಮೇಲಕ್ಕೆ ಬರುತ್ತದೆ. ಇಳಿದ ನೀರು ಮರಳಿ ಬೆಳಕು ಕಾಣುವುದಕ್ಕೆ ಹಲವು ದಶಕಗಳೇ ಹಿಡಿಯುತ್ತವೆ. ಅಜ್ಜನ ಕಾಲದ ಮಳೆಯಲ್ಲಿ ಮೊಮ್ಮಗನು ಮೀಯುತ್ತಾನೆಂದರೆ ಉತ್ಪ್ರೇಕ್ಷೆಯಾಗದು. ಬರುವ ಹಾದಿಯಲ್ಲಿ ಯಾವ ಕಲ್ಲನ್ನು ಕರಗಿಸಿಕೊಂಡಿತೋ ಅದರಂತೆ ಒಂದು ಬುಗ್ಗೆ ಉಪ್ಪಾಗಿ, ಒಂದು ಹುಳಿಯಾಗಿ, ಒಂದು ಗಂಧಕದ ವಾಸನೆಯುಳ್ಳದ್ದಾಗಿ ಹೊರಡುತ್ತದೆ. ೧೯೪೮ರ ಜಪಾನೀ ಶಾಸನದ ಪ್ರಕಾರ, ನೆಲದಿಂದ ಹೊರಡುವಾಗ ೨೫ ಡಿಗ್ರಿ ಸೆಂಟಿಗ್ರೇಡಿಗೆ ಕಡಮೆಯಿಲ್ಲದ ಶಾಖವಿದ್ದರೆ ಅಥವಾ ಗೊತ್ತುಮಾಡಿದ ೧೯ ದ್ರವ್ಯಗಳಲ್ಲಿ ಒಂದಾದರೂ ತಕ್ಕ ಪ್ರಮಾಣದಲ್ಲಿದ್ದರೆ ಅದು 'ಓನ್ಸೆನ್', ಎಂದರೆ ಬಿಸಿಬುಗ್ಗೆ, ಎನಿಸಿಕೊಳ್ಳುತ್ತದೆ. ಬೆಪ್ಪುವಿನ ನರಕಗಳಾದರೋ ಈ ಮಿತಿಯನ್ನು ನೋಡಿ ನಗುವಂಥವು. ಅವುಗಳಲ್ಲಿ ಕೆಲವು ನೂರು ಡಿಗ್ರಿಯ ಅಂಚಿನಲ್ಲಿಯೇ ಕುದಿಯುತ್ತಿರುವುವು.

ನರಕವೆಂಬ ಹೆಸರಿನ ವಿಷಯವಾಗಿ ಒಂದು ಮಾತು. ಜಪಾನೀಯರು ಇವನ್ನು 'ಜಿಗೋಕು' ಎನ್ನುತ್ತಾರೆ. ನೆಲದೊಳಗಿನ ಸೆರೆಮನೆ ಎಂದು ಅದರ ಅಕ್ಷರಾರ್ಥ. ಬೌದ್ಧಧರ್ಮವು ನಮ್ಮ ದೇಶದಿಂದ ಚೀನಕ್ಕೂ, ಅಲ್ಲಿಂದ ಕೊರಿಯದ ಮಾರ್ಗವಾಗಿ ಜಪಾನಿಗೂ ಹೋದಾಗ ನಮ್ಮ ನರಕದ ಕಲ್ಪನೆಯೂ ಅದರೊಡನೆ ಪ್ರಯಾಣಮಾಡಿತು. 'ನರಕ' ಎಂಬ ಶಬ್ದವು ಅವರಲ್ಲಿ 'ನರಕು' ಎಂದಾಗಿ ಇಂದಿಗೂ ಉಳಿದಿದೆ. ನಮ್ಮ ಯಮನು ಅವರಿಗೆ 'ಎನ್ಮ'ನಾಗಿದ್ದಾನೆ. ಆದಕಾರಣ ಬೆಪ್ಪುವಿನಲ್ಲಿ ನಿಂತ ಕನ್ನಡಿಗನಿಗೆ ಈ ನರಕವು ಪರದೇಶದ್ದೆನಿಸದು. ಬಹುಕಾಲದ ಹಿಂದೆ ಮನೆಬಿಟ್ಟು ಹೋದ ನಂಟನನ್ನು ದೂರದ ಊರಿನಲ್ಲಿ ಕಂಡಂತಾಗುವುದು.

ನಾವು ಹೋದದ್ದು ಕಾರ್ತಿಕಮಾಸದ ತಂಪಿನ ದಿನಗಳಲ್ಲಿ. ನಮ್ಮ ಜೊತೆಗೆ ನಮ್ಮ ಗೃಹಿಣಿಯೂ, ಎಪ್ಪತ್ತು ದಾಟಿದ ನಮ್ಮ ದೊಡ್ಡಮ್ಮನವರೂ ಇದ್ದರು. ದೊಡ್ಡಮ್ಮನವರಿಗೆ ಮೊಣಕಾಲಿನ ನೋವು ಹಳೆಯದು. ಬಿಸಿನೀರು ಎಂಬ ಒಂದು ಮಾತನ್ನು ನಂಬಿ ಅವರು ಹೊರಟಿದ್ದರು. ಆದರೆ ಅಲ್ಲಿಯ ಸ್ನಾನಗೃಹಗಳಲ್ಲಿ ಹೆಂಗಸರು ಹೆಂಗಸರೊಡನೆ, ಗಂಡಸರು ಗಂಡಸರೊಡನೆ ಬಟ್ಟೆಯಿಲ್ಲದೆ ಒಂದೇ ಕೊಳದಲ್ಲಿ ಮೀಯುವುದು ವಾಡಿಕೆಯೆಂದು ತಿಳಿದೊಡನೆಯೆ, "ಕಾಲು ನೋಯುತ್ತಾ ಇದ್ದರೂ ಚಿಂತೆಯಿಲ್ಲ, ಆ ಕೆಲಸ ಮಾತ್ರ ನನ್ನಿಂದಾಗದು" ಎಂದು ಖಂಡಿತವಾಗಿ ನುಡಿದುಬಿಟ್ಟರು. ನಾವು ಒತ್ತಾಯಮಾಡಲಿಲ್ಲ.

ರೈಲು ನಿಲ್ದಾಣದಿಂದ ಹೊರಗೆ ಬಂದೊಡನೆ ಎರಡು ಕೈಗಳನ್ನೂ ಮೇಲಕ್ಕೆತ್ತಿ ನಗುತ್ತ ಕುಣಿಯುವಂತೆ ನಿಂತಿರುವ ಬೋಳುತಲೆಯ ಗೃಹಸ್ಥರೊಬ್ಬರ ವಿಗ್ರಹ ಕಾಣುತ್ತದೆ. ಇವರು ಅಬುರಾಯಾ ಕುಮಾಹಾಚಿ (೧೮೬೩–೧೯೩೫). ಹುಟ್ಟಿದ್ದು ಶಿಕೋಕು ದ್ವೀಪದ ಉವಾಜಿಮಾ ಊರಿನಲ್ಲಿ. ಬೇರೆ ಊರಿನವರಾಗಿದ್ದೂ ಬೆಪ್ಪುವನ್ನು ತಮ್ಮದನ್ನಾಗಿ ಮಾಡಿಕೊಂಡು ಅದರ ಕೀರ್ತಿಯನ್ನು ದೇಶವೆಲ್ಲ ಹಬ್ಬಿಸಿದರು. ನರಕಗಳನ್ನು ಸುತ್ತಿಸಿ ತೋರಿಸುವ ಬಸ್ಸನ್ನು ೧೯೨೮ರಲ್ಲಿ ಹೊರಡಿಸಿದವರು ಇವರೇ. ಆ ಬಸ್ಸಿನಲ್ಲಿ ಸ್ಥಳಗಳ ಕಥೆಯನ್ನು ಹೇಳುತ್ತಿದ್ದವರು ತರುಣಿಯರು; ಅದನ್ನೂ ಬರಿಯ ಮಾತಿನಲ್ಲಿ ಹೇಳದೆ, ಏಳು ಐದು ಮಾತ್ರೆಗಳ ಅವರ ಹಳೆಯ ಪದ್ಯದ ಧಾಟಿಯಲ್ಲಿ ಹೇಳುತ್ತಿದ್ದರು. ನಮ್ಮಲ್ಲಿ ಹರಿಕಥೆಯ ದಾಸರನ್ನು ಬಸ್ಸಿನಲ್ಲಿ ಕೂರಿಸಿದ ಹಾಗೆ ಎಂದು ವಾಚಕರು ಊಹಿಸಿಕೊಳ್ಳಬಹುದು. ಮಕ್ಕಳಿಗೆ ಇವರು ಬಲು ಅಚ್ಚುಮೆಚ್ಚು. ಹೊಳೆಯುವ ತಲೆಯ ಮಾವ ಎಂಬರ್ಥದ ಅಡ್ಡಹೆಸರು ಅವರು ಕೊಟ್ಟದ್ದೇ. ವಿಗ್ರಹದ ಸಮೀಪದಲ್ಲಿ ಕೈ ಅದ್ದಿಕೊಳ್ಳುವುದಕ್ಕೆ ಬಿಸಿನೀರಿನ ತೊಟ್ಟಿಯೊಂದುಂಟು. ದೊಡ್ಡಮ್ಮನವರು ಅದರಲ್ಲಿ ಎರಡು ಕೈಗಳನ್ನೂ ಇಟ್ಟು, "ಬೀದಿಯಲ್ಲೇ ಹಂಡೆ ಇಟ್ಟಿದಾರಲ್ಲ!" ಎಂದರು.

ಮೊದಲು ಗುಡ್ಡದ ಮೇಲಿನ ಮ್ಯೋಬನ್ ಎಂಬ ಭಾಗಕ್ಕೆ ಹೋದೆವು. ಮ್ಯೋಬನ್ ಎಂದರೆ ಪಟಿಕ. ಹದಿನೇಳನೆಯ ಶತಮಾನದಿಂದ ಇಲ್ಲಿ ಪಟಿಕವನ್ನು ತೆಗೆಯುತ್ತಿದ್ದರು. ಬಟ್ಟೆಗೆ ಬಣ್ಣ ನಿಲ್ಲಿಸುವುದಕ್ಕೂ, ಗಾಯದ ರಕ್ತವನ್ನು ಕಟ್ಟಿಸುವುದಕ್ಕೂ ಅದು ಬೇಕಾಗಿತ್ತು. ಈಗ ಅದೇ ಬಗೆಯ ಗುಡಿಸಲುಗಳಲ್ಲಿ 'ಯುನೊಹಾನಾ', ಎಂದರೆ ಬಿಸಿನೀರಿನ ಹೂವು, ಎಂಬ ಸ್ನಾನದ ಪುಡಿಯನ್ನು ಬೆಳೆಯುತ್ತಾರೆ. ಬೆಳೆಯುವುದೆಂಬ ಮಾತನ್ನು ತಿಳಿದೇ ಬರೆದಿದ್ದೇವೆ. ಹಬೆ ಹೊರಡುವ ನೆಲದ ಮೇಲೆ ಕಲ್ಲುಗಳನ್ನು ಹಾಸಿ, ಅದರ ಮೇಲೆ ನೀಲಿಯ ಜೇಡಿಯನ್ನು ಬಡಿದು ಕೂರಿಸಿ, ಮೇಲೆ ಹುಲ್ಲಿನ ಗುಡಿಸಲನ್ನು ಕವಿಯುತ್ತಾರೆ. ಹಬೆಯೂ ಜೇಡಿಯೂ ಕೂಡಿ ನೆಲದ ಮೇಲೆ ಬಿಳಿಯ ಹರಳುಗಳು ಮೊಳೆಯುತ್ತವೆ. ದಿನಕ್ಕೆ ಸುಮಾರು ಒಂದು ಮಿಲಿಮೀಟರು ಬೆಳೆಯುತ್ತವೆ. ಹುಲ್ಲಿನ ಮಾಡು ಮಳೆಯನ್ನು ಒಳಗೆ ಬಿಡದು, ಒಳಗಿನ ನೀರಿನಾವಿ ಹನಿಯಾಗಿ ಹರಳಿನ ಮೇಲೆ ಬೀಳಲೂ ಬಿಡದು. ತಗಡಿನ ಮಾಡಾಗಿದ್ದರೆ ಈ ಕೆಲಸ ಕೆಡುತ್ತಿತ್ತು. ಈ ಕುಶಲತೆಯನ್ನು ೨೦೦೬ರಲ್ಲಿ ಜಪಾನು ಸರಕಾರವು ಕಾಪಾಡತಕ್ಕ ಜಾನಪದ ಸಂಪತ್ತೆಂದು ಗೌರವಿಸಿತು.

ಅಲ್ಲಿಂದ ಕೆಳಗಿಳಿದರೆ ಕನ್ನಾವಾ ಎಂಬ ಭಾಗ. ಏಳು ನರಕಗಳಲ್ಲಿ ಐದು ಇಲ್ಲಿಯೇ, ಒಂದರಿಂದೊಂದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಮೊದಲನೆಯದು ಉಮಿ ಜಿಗೋಕು, ಕಡಲ ನರಕ. ತೋಟದ ನಡುವೆ ನೀಲಿಯ ಕೊಳ. ಶರತ್ಕಾಲದ ಆಕಾಶವನ್ನು ಕಲಸಿ ಹೊಯ್ದ ಬಣ್ಣ. ಕೈ ಅದ್ದೋಣವೆನ್ನಿಸುವಷ್ಟು ಮನೋಹರ. ಆದರೆ ಅದರ ಶಾಖ ೯೮ ಡಿಗ್ರಿ. ನೀರಿನಲ್ಲಿ ತೇಲುವ ಸಿಲಿಕಾದ ಅತಿಸೂಕ್ಷ್ಮ ಕಣಗಳು ಬೆಳಕಿನಲ್ಲಿರುವ ನೀಲಿಯನ್ನು ಚದರಿಸುವುದರಿಂದ ಈ ಬಣ್ಣವೆಂದು ವಿಜ್ಞಾನಿಗಳು ತಿಳಿಸುತ್ತಾರೆ. ತ್ಸುರುಮಿ ಪರ್ವತವು ಸುಮಾರು ೧,೨೦೦ ವರ್ಷಗಳ ಹಿಂದೆ ಸಿಡಿದಾಗ ಈ ಕೊಳವು ಹುಟ್ಟಿತೆಂದು ಊರಿನವರ ಮಾತು. ೮೬೭ರಲ್ಲಿ ಆ ಪರ್ವತವು ಸಿಡಿದುದು ಆ ದೇಶದ ಹಳೆಯ ಚರಿತ್ರೆಯಲ್ಲಿ ದಾಖಲಾಗಿದೆ. ಬಿದಿರಿನ ಬುಟ್ಟಿಯಲ್ಲಿ ಮೊಟ್ಟೆಗಳನ್ನು ಕಟ್ಟಿ ಕೊಳದೊಳಗೆ ಇಳಿಬಿಟ್ಟು ಬೇಯಿಸುವುದನ್ನು ನೋಡಿದೆವು. ಪಕ್ಕದ ತಣ್ಣನೆಯ ಕೊಳದಲ್ಲಿ ಮೊರದಂತೆ ಅಂಚು ಮಡಿಸಿದ ದೊಡ್ಡ ಎಲೆಗಳ ತಾವರೆಯನ್ನು ಬೆಳೆಸಿದ್ದಾರೆ. ಬೇಸಗೆಯಲ್ಲಿ ಆ ಎಲೆಯ ಮೇಲೆ ಚಿಕ್ಕ ಮಕ್ಕಳನ್ನು ಕೂರಿಸಿ ಸಂತೋಷಪಡುವುದುಂಟು.

ಇಂದು ಜನರು ಹಣ ಕೊಟ್ಟು ನೋಡುವ ಈ ನೆಲವು ಒಂದು ಕಾಲಕ್ಕೆ ಯಾರಿಗೂ ಬೇಡವಾದ ನೆಲವಾಗಿತ್ತು. ಬಿತ್ತಿದ ಬೀಜ ಬೆಂದುಹೋಗುವುದು; ಕಟ್ಟಿದ ದನ ಕೆಸರಿಗೆ ಕಾಲಿಟ್ಟರೆ ಗತಿಯಿಲ್ಲ; ನೀರು ಹರಿದ ಗದ್ದೆಯಲ್ಲಿ ಪೈರಿಲ್ಲ. ಇಂಥ ಭೂಮಿ ಪಾಲಿಗೆ ಬಂದ ಒಕ್ಕಲು ತನ್ನ ಹಣೆಬರಹವನ್ನು ಹಳಿದುಕೊಳ್ಳುತ್ತಿದ್ದಿರಬೇಕು. ನರಕವೆಂಬ ಹೆಸರು ಬರಿಯ ಅಲಂಕಾರವಲ್ಲ; ರೈತನ ಬಾಯಿಂದ ಬಂದ ನಿಜವಾದ ಮಾತು. ನೋಡಬಂದವರಿಂದ ೧೯೧೦ರಲ್ಲಿ ಕಡಲ ನರಕದವರು ತಲೆಗೆ ಎರಡು ಸೆನ್ನಿನಂತೆ ಕಾಸು ತೆಗೆದುಕೊಳ್ಳಲಾರಂಭಿಸಿದಂದಿನಿಂದ ಶಾಪವು ವೃತ್ತಿಯಾಯಿತು. ಕಡಲ ನರಕವೂ ಸೇರಿ ನಾಲ್ಕು ನರಕಗಳು ೨೦೦೯ರಲ್ಲಿ ರಾಷ್ಟ್ರೀಯ ರಮ್ಯಸ್ಥಳಗಳೆಂಬ ಪದವಿಯನ್ನು ಪಡೆದವು.

ಎರಡನೆಯದು ಓನಿಯಿಶಿ ಬೋಜು ನರಕ. ಬೂದುಬಣ್ಣದ ಕೆಸರಿನಲ್ಲಿ ಗುಳ್ಳೆಗಳು ದುಂಡಗೆ ಎದ್ದು ಒಡೆಯುವುವು. ಬೋಜು ಎಂದರೆ ತಲೆ ಬೋಳಿಸಿದ ಭಿಕ್ಷು. ಗುಳ್ಳೆಗಳನ್ನು ನೋಡಿದರೆ ಹೆಸರಿಟ್ಟವರ ವಿನೋದ ತಿಳಿಯುತ್ತದೆ. ನಮ್ಮ ಗೃಹಿಣಿಗೆ ಮಾತ್ರ ಅದು ಒಲೆಯ ಮೇಲೆ ಕೊತಕೊತನೆ ಕುದಿಯುವ ರಾಗಿಯ ಅಂಬಲಿಯಂತೆ ಕಂಡಿತು. ಮೂರನೆಯದು ಕಮಾದೊ, ಒಲೆಯ ನರಕ. ಇದರ ಹಬೆಯಲ್ಲಿ ಅನ್ನ ಬೇಯಿಸಿ ಊರ ಕಾವಲು ದೇವರಾದ ಹಾಚಿಮನ್‌ಗೆ ನೈವೇದ್ಯ ಮಾಡುತ್ತಿದ್ದರಂತೆ. ಓನಿಯಾಮಾ ನರಕದಲ್ಲಿ ಬಿಸಿನೀರಿನ ಶಾಖವನ್ನು ಉಪಯೋಗಿಸಿಕೊಂಡು ೧೯೨೩ರಿಂದ ಮೊಸಳೆಗಳನ್ನು ಸಾಕಿದ್ದಾರೆ. "ನರಕದಲ್ಲಿ ಇದ್ದರೂ ಹೊತ್ತಿಗೆ ಸರಿಯಾಗಿ ಊಟ, ಪುಣ್ಯವಂತ ಮೊಸಳೆಗಳು" ಎಂದು ದೊಡ್ಡಮ್ಮನವರ ಅಭಿಪ್ರಾಯ. ಶಿರಾಯಿಕೆ, ಬಿಳಿಯ ಕೊಳದ ನರಕದ್ದು ಇನ್ನೊಂದು ಸೋಜಿಗ. ನೆಲದೊಳಗೆ ತಿಳಿಯಾಗಿದ್ದ ನೀರು ಹೊರಗೆ ಬಂದು, ಭಾರವೂ ಶಾಖವೂ ತಗ್ಗಿದೊಡನೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ.

ಮಧ್ಯಾಹ್ನದ ಊಟವೂ ನರಕದ್ದೇ. ಕನ್ನಾವಾದ ಹಳೆಯ ಛತ್ರಗಳಲ್ಲಿ ಚಿಕಿತ್ಸೆಗಾಗಿ ತಿಂಗಳುಗಟ್ಟಲೆ ತಂಗುತ್ತಿದ್ದವರು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅವರಿಗೆ ಸೌದೆ ಬೇಕಿರಲಿಲ್ಲ. ಕಲ್ಲಿನಿಂದ ಕಟ್ಟಿದ ಗೂಡಿನೊಳಗೆ ನೆಲದ ಹಬೆ ನುಗ್ಗಿ ಬರುತ್ತದೆ. ಬುಟ್ಟಿಯನ್ನು ಇಳಿಸಿ ಮುಚ್ಚಳ ಹಾಕಿದರೆ ಮುಗಿಯಿತು. ಈಗಲೂ ಯಾತ್ರಿಕರು ತರಕಾರಿ ಕೊಂಡು ಇಂಥ ಗೂಡನ್ನು ಗೊತ್ತಾದ ಹೊತ್ತಿಗೆ ಬಾಡಿಗೆ ಹಿಡಿಯಬಹುದು. ಶಾಕಾಹಾರಿಗಳಿಗೆ ಜಪಾನಿನಲ್ಲಿ ಊಟದ ತೊಡಕು ಸ್ವಲ್ಪವಲ್ಲ. ಸಾರೆಂದು ಕೊಟ್ಟದ್ದರಲ್ಲಿಯೂ ಮೀನು ಬೆರೆತಿರುವುದುಂಟು. ಇಲ್ಲಿ ಆ ಭಯವಿರಲಿಲ್ಲ. ಗೆಣಸು, ಕುಂಬಳ, ಮುಸುಕಿನ ಜೋಳ, ಕೋಸು ಇವನ್ನು ನಾವೇ ಇಟ್ಟು, ನಾವೇ ತೆಗೆದೆವು. ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ, ಹಬೆಯಲ್ಲಿರುವ ಎಳೆಯ ಉಪ್ಪೇ ರುಚಿ. ಹಿಮಾಲಯದ ಮಣಿಕರಣದಲ್ಲಿ ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಬುಗ್ಗೆಯಲ್ಲಿ ಬೇಯಿಸುವುದನ್ನು ಕಂಡ ನಮ್ಮ ಯಾತ್ರಿಕರಿಗೆ ಇದು ಹೊಸದಲ್ಲ. ದೊಡ್ಡಮ್ಮನವರು ಊರಿನಿಂದ ತಂದಿದ್ದ ಚಟ್ನಿಪುಡಿಯ ಡಬ್ಬಿಯನ್ನು ತೆರೆದರು. ನರಕದ ಗೆಣಸಿಗೂ ನಮ್ಮ ಚಟ್ನಿಪುಡಿಗೂ ಒಳ್ಳೆಯ ಹೊಂದಿಕೆಯಾಯಿತು.

ಊಟವಾಗಿ ಎರಡು ಗಂಟೆ ವಿಶ್ರಮಿಸಿದ ಬಳಿಕ 'ಮುಶಿಯು' ಎಂಬ ಹಬೆಯ ಮನೆಗೆ ಹೋದೆವು. ಇದರ ಕಥೆ ಹೀಗಿದೆ. ಹದಿಮೂರನೆಯ ಶತಮಾನದಲ್ಲಿ ಇಪ್ಪೆನ್ ಎಂಬ ಸಂಚಾರೀ ಸಂತನು (೧೨೩೯–೧೨೮೯) ಇಲ್ಲಿಗೆ ಬಂದು, ಬುಸುಗುಟ್ಟುವ ನರಕಗಳಿಂದ ಜನರು ಪಡುತ್ತಿದ್ದ ಪಾಡನ್ನು ಕಂಡನು. ಒಂದೊಂದು ಕಲ್ಲಿನ ಮೇಲೆ ಸೂತ್ರದ ಒಂದೊಂದು ಅಕ್ಷರವನ್ನು ಬರೆದು ನರಕಕ್ಕೆ ಹಾಕಿ ಅದನ್ನು ಶಾಂತಗೊಳಿಸಿದನು. ಉಳಿದ ಹಬೆಯಿಂದ ೧೨೭೬ರಲ್ಲಿ ರೋಗಿಗಳಿಗೆ ಈ ಸ್ನಾನವನ್ನು ಏರ್ಪಡಿಸಿದನು. ಇಂದಿಗೂ ವರ್ಷಕ್ಕೊಮ್ಮೆ ಸೆಪ್ಟೆಂಬರು ತಿಂಗಳಲ್ಲಿ ಊರಿನವರು ಆ ಸಂತನ ವಿಗ್ರಹಕ್ಕೆ ಬಿಸಿನೀರಿನ ಅಭಿಷೇಕ ಮಾಡುತ್ತಾರೆ. ಬಗ್ಗಿ ನುಗ್ಗಬೇಕಾದ ಕಿರುಬಾಗಿಲು. ಒಳಗೆ ಕಲ್ಲಿನ ಕತ್ತಲೆಯ ಕೋಣೆ. ಬಿಸಿಯಾದ ನೆಲದ ಮೇಲೆ 'ಸೆಕಿಶೋ' ಎಂಬ ಹುಲ್ಲಿನಂಥ ಮೂಲಿಕೆಯನ್ನು ದಪ್ಪವಾಗಿ ಹಾಸಿರುತ್ತಾರೆ. ಅದರ ಮೇಲೆ ಎಂಟು ಹತ್ತು ನಿಮಿಷ ಮಲಗುವುದೇ ಚಿಕಿತ್ಸೆ. ಇಲ್ಲಿ ಮೈಮೇಲೆ ಬಟ್ಟೆಯಿರಲೇಬೇಕೆಂಬ ನಿಯಮವೆಂದು ತಿಳಿದು ದೊಡ್ಡಮ್ಮನವರು ಎದ್ದು ನಿಂತರು.

ಒಳಗೆ ನಡೆದುದನ್ನು ನಮ್ಮ ಗೃಹಿಣಿಯೇ ಹೇಳಿದಳು. ಬಾಗಿಲು ಮುಚ್ಚಿದೊಡನೆ ದೊಡ್ಡಮ್ಮನವರು ಕತ್ತಲೆಯಲ್ಲಿ ಒಂದು ಹಿಡಿ ಹುಲ್ಲನ್ನು ಮೂಗಿಗೆ ಹಿಡಿದು, "ಇದು ಬಜೆ ಕಣೇ! ಮಕ್ಕಳಿಗೆ ತೇದು ನೆಕ್ಕಿಸೋ ಬಜೆ!" ಎಂದು ಕೂಗಿದರಂತೆ. ಅವರ ಮೂಗು ಬಹುಮಟ್ಟಿಗೆ ಸರಿಯಾಗಿಯೇ ಹೇಳಿತ್ತು. ಸಸ್ಯಶಾಸ್ತ್ರದ ಪ್ರಕಾರ ಸೆಕಿಶೋ ನಮ್ಮ ಬಜೆಯ ಕುಲಕ್ಕೇ ಸೇರಿದ ಗಿಡ, ಅದರ ತಂಗಿಯೆನ್ನಬಹುದು. ಹೊರಗೆ ಬಂದಾಗ ಬಾಗಿಲು ಕಾಯುತ್ತಿದ್ದ ಅಜ್ಜಿಯೊಬ್ಬಳು ಅವರ ಬೆನ್ನಿಗಂಟಿದ ಎಳೆಗಳನ್ನು ಕೈಯಿಂದ ಬಿಡಿಸಿ, ಸ್ನಾನದ ಕೋಣೆಯ ಕಡೆಗೆ ತೋರಿಸಿದಳು. ಅಲ್ಲಿ ಬಟ್ಟೆಯಿಲ್ಲ. ದೊಡ್ಡಮ್ಮನವರು ಕ್ಷಣಕಾಲ ನಿಂತರು. ಒಳಗೆ ಅವರ ವಯಸ್ಸಿನವರೇ ಮೂವರು, ಬಾಗಿದ ಬೆನ್ನಿನವರು, ಒಬ್ಬರ ಬೆನ್ನನ್ನು ಒಬ್ಬರು ಉಜ್ಜುತ್ತ ಮಾತಾಡುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. "ಎಲ್ಲರೂ ಹೆತ್ತವರೇ, ಎಲ್ಲರೂ ಮುದುಕಿಯರೇ, ಇನ್ನು ಯಾರಿಗೆ ನಾಚಿಕೆ" ಎಂದು ಅವರು ಒಳಗೆ ಹೋದರಂತೆ. ಬಂದಮೇಲೆ ಈ ವಿಷಯವನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮೆಟ್ಟಿಲನ್ನು ಮಾತ್ರ ನಮ್ಮ ಕೈ ಹಿಡಿಯದೆ ಇಳಿದರು.

ಬಿಸಿಬುಗ್ಗೆಯ ಸ್ನಾನದಿಂದ ಹಳೆಯ ರೋಗಗಳು ಬೇರುಸಹಿತ ಹೋಗುವುವೆಂದು ನಾವು ಹೇಳುವುದಿಲ್ಲ. ಶಾಖದಿಂದ ರಕ್ತಸಂಚಾರ ಹೆಚ್ಚಿ, ಬಿಗಿದ ಸ್ನಾಯುಗಳು ಸಡಿಲಿ, ಕೀಲುನೋವು ಕೆಲವು ಹೊತ್ತು ತಗ್ಗುವುದು ನಿಜ. ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸತಕ್ಕದ್ದಲ್ಲ. ಹೋಗುವ ಗೃಹಸ್ಥರು ಈ ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಜ್ವರವಿದ್ದಾಗ ಇಳಿಯಬಾರದು, ಹೃದಯದ ಕಾಯಿಲೆಯವರು ವೈದ್ಯರನ್ನು ಕೇಳದೆ ಇಳಿಯಬಾರದು. ತುಂಬಿದ ಹೊಟ್ಟೆಯಲ್ಲಿ ಸಲ್ಲದು. ಹತ್ತು ನಿಮಿಷಕ್ಕೆ ಎದ್ದು, ನೀರು ಕುಡಿದು, ಸ್ವಲ್ಪ ಹೊತ್ತು ಕುಳಿತಿರಬೇಕು. ಕೊಳಕ್ಕೆ ಇಳಿಯುವ ಮೊದಲೇ ಹೊರಗೆ ಕುಳಿತು ಸಾಬೂನಿನಿಂದ ಮೈ ತೊಳೆದುಕೊಳ್ಳುವುದು ಅಲ್ಲಿಯ ಕಟ್ಟಳೆ. ಕೊಳದ ನೀರು ಎಲ್ಲರದು. ಅದರಲ್ಲಿ ಸಾಬೂನನ್ನಾಗಲಿ ಟವಲನ್ನಾಗಲಿ ಅದ್ದುವುದು ದೊಡ್ಡ ಅವಿನಯ.

ಸಂಜೆಗೆ ಮುಂಚೆ ಬಸ್ಸು ಹತ್ತಿ, ಸುಮಾರು ಮೂರು ಕಿಲೋಮೀಟರು ದೂರದ ಶಿಬಾಸೆಕಿ ಭಾಗಕ್ಕೆ ಹೋದೆವು. ಉಳಿದೆರಡು ನರಕಗಳು ಅಲ್ಲಿವೆ. ಅವುಗಳಲ್ಲಿ ಒಂದು ಚಿನೊಯಿಕೆ, ರಕ್ತದ ಕೊಳದ ನರಕ. ಎಂಟನೆಯ ಶತಮಾನದ ಪ್ರಾಂತವರ್ಣನೆಯ ಗ್ರಂಥದಲ್ಲಿಯೇ ಇಲ್ಲಿಯ ಕೆಂಪು ಬುಗ್ಗೆಯ ಮಾತು ಬಂದಿದೆ. ಕೊಳದ ಶಾಖ ೭೮ ಡಿಗ್ರಿಯಷ್ಟು. ಕಬ್ಬಿಣದ ತುಕ್ಕಿನ ಜಾತಿಯ ದ್ರವ್ಯ ಬೆರೆತ ಕೆಂಪು ಜೇಡಿ ನೀರಿಗೆ ಈ ಬಣ್ಣ ಕೊಡುತ್ತದೆ. ಹಬೆಯೂ ನಸುಗೆಂಪಾಗಿ ಕಾಣುತ್ತದೆ. ನೋಡಿದವರ ಎದೆ ಒಮ್ಮೆ ಝಲ್ಲೆನ್ನುವುದು ಸಹಜ.

ಈ ಹೆಸರಿನ ಹಿಂದೆ ಒಂದು ಕಠಿನವಾದ ನಂಬಿಕೆಯುಂಟು. ಹೆರಿಗೆಯ ರಕ್ತವೂ ತಿಂಗಳ ರಕ್ತವೂ ಭೂಮಿಯನ್ನೂ ನೀರನ್ನೂ ಮೈಲಿಗೆ ಮಾಡುವುದರಿಂದ ಹೆಂಗಸರೆಲ್ಲರೂ ಸತ್ತಮೇಲೆ ರಕ್ತದ ಕೊಳದ ನರಕದಲ್ಲಿ ಬೀಳುವರೆಂದು ಸಾರುವ ಸೂತ್ರವೊಂದು ಚೀನದಲ್ಲಿ ಹುಟ್ಟಿತು. ಮಧ್ಯಯುಗದಲ್ಲಿ ಜಪಾನಿಗೂ ಬಂದು ಹರಡಿತು. ಆ ಕೊಳದಲ್ಲಿ ಮುಳುಗಿರುವ ಹೆಂಗಸರ ಚಿತ್ರಪಟಗಳನ್ನು ಸುತ್ತಿಕೊಂಡು ಕುಮಾನೋ ಕ್ಷೇತ್ರದ ಭಿಕ್ಷುಣಿಯರು ಊರೂರು ತಿರುಗಿ, ಹೆಂಗಸರಿಗೆ ಬೋಧಿಸುತ್ತಿದ್ದರು. ಹೆತ್ತ ತಪ್ಪಿಗಾಗಿ ನರಕ! ಶತಮಾನಗಳ ಕಾಲ ಎಷ್ಟೋ ತಾಯಂದಿರು ಈ ಭಯವನ್ನು ಹೊತ್ತು ಬಾಳಿದರು. ಹೆರಿಗೆಯಲ್ಲಿ ಸತ್ತವರಿಗಾಗಿ ಮನೆಯವರು ಹೆದರಿ ಹರಕೆ ಹೊತ್ತರು.

ಇದನ್ನು ನಾವು ದೊಡ್ಡಮ್ಮನವರಿಗೆ ತಿಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆವು. ಅವರೇ ಕೇಳಿದ್ದರಿಂದ ಹೇಳಿದೆವು. ಐದು ಮಕ್ಕಳನ್ನು ಹೆತ್ತವರು ಅವರು. ಕೊಳದ ಕಟಕಟೆಯನ್ನು ಹಿಡಿದು ಬಹಳ ಹೊತ್ತು ಸುಮ್ಮನಿದ್ದು, "ಹೆತ್ತವಳಿಗೆ ನರಕವಂತೆ. ಹಾಗೆ ಹೇಳಿದವನು ಯಾರ ಹೊಟ್ಟೆಯಲ್ಲಿ ಬಂದನಂತೆ?" ಎಂದರು. ಸ್ವಲ್ಪ ತಡೆದು, "ನಮ್ಮಲ್ಲಿ ಮಾತ್ರ ಏನು ಕಡಮೆ? ಹತ್ತು ದಿನ ಪುರುಡು ಅಂತ ಹಿತ್ತಿಲ ಕೋಣೆಯಲ್ಲಿ ಕತ್ತಲಲ್ಲಿ ಕೂಡಿಸ್ತಿದ್ದರು. ಒಂದೇ ಸುಖ ಅಂದರೆ, ನಮ್ಮಮ್ಮ ಹಂಡೆಗಟ್ಟಲೆ ಬಿಸಿನೀರು ಹುಯ್ಯುತಾ ಇದ್ದಳು" ಎಂದರು. ಮೈಲಿಗೆಯೆಂದು ದೂರ ಕೂರಿಸಿದ ಪದ್ಧತಿಯೂ, ಸೊಂಟದ ನೋವು ಇಳಿಯಲೆಂದು ನೀರು ಹೊಯ್ದ ತಾಯಿಯ ಕೈಯೂ ಒಂದೇ ಮನೆಯಲ್ಲಿದ್ದುವು. ಇವೆರಡರಲ್ಲಿ ಯಾವುದನ್ನು ಉಳಿಸಿಕೊಳ್ಳತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬುದನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆ ಕೆಂಪು ಜೇಡಿಯಿಂದ ಚರ್ಮರೋಗಕ್ಕೆ ಹಚ್ಚುವ ಲೇಪವೊಂದನ್ನು ಅಲ್ಲಿಯೇ ತಯಾರಿಸಿ ಮಾರುತ್ತಾರೆ. ತಾಯಂದಿರನ್ನು ಹೆದರಿಸಿದ ಕೊಳದ ಕೆಸರನ್ನು ಇಂದು ತಾಯಂದಿರು ಮನೆಗೆ ಒಯ್ಯುತ್ತಾರೆ. ದೊಡ್ಡಮ್ಮನವರು ಎರಡು ಡಬ್ಬಿ ಕೊಂಡರು.

ಕೊನೆಯದು ತತ್ಸುಮಾಕಿ, ಸುಂಟರಗಾಳಿಯ ನರಕ. ಮೂವತ್ತು ನಲವತ್ತು ನಿಮಿಷಗಳಿಗೊಮ್ಮೆ ಬಿಸಿನೀರು ಕಾರಂಜಿಯಾಗಿ ಚಿಮ್ಮಿ, ಕೆಲವು ನಿಮಿಷ ಭೋರ್ಗರೆದು ಅಡಗುತ್ತದೆ. ನೋಡುವವರ ಮೈಮೇಲೆ ಬೀಳದಂತೆ ಮೇಲೆ ಕಲ್ಲಿನ ಮಾಡು ಕಟ್ಟಿದ್ದಾರೆ. ನೆಲದೊಳಗಿನ ಗೂಡಿನಲ್ಲಿ ನೀರು ತುಂಬಿ, ಕಾದು, ಆವಿಯ ಒತ್ತಡ ತಾಳಲಾರದಾದಾಗ ಹೊರಕ್ಕೆ ನುಗ್ಗುವುದು. ಬರಿದಾದ ಗೂಡು ಮತ್ತೆ ತುಂಬುವುದಕ್ಕೆ ಅಷ್ಟು ಹೊತ್ತು ಬೇಕಾಗುವುದು. ಸಾವಧಾನವಾಗಿ ಕಾದವರಿಗೆ ಮಾತ್ರ ಅದರ ದರ್ಶನ.

ಈ ತುಂಬುವ, ಬರಿದಾಗುವ ಲೆಕ್ಕವೇ ಇಂದು ಬೆಪ್ಪುವಿನವರ ಮುಂದಿರುವ ದೊಡ್ಡ ಪ್ರಶ್ನೆ. ನೆಲದ ಶಾಖದಿಂದ ವಿದ್ಯುಚ್ಛಕ್ತಿಯನ್ನು ಜಪಾನಿನಲ್ಲಿ ಮೊದಲು ಉತ್ಪಾದಿಸಿದ್ದು ೧೯೨೫ರಲ್ಲಿ, ಇದೇ ಊರಿನಲ್ಲಿ. ಅಂದು ಬಂದ ಶಕ್ತಿ ಒಂದು ಕಿಲೋವಾಟಿಗೆ ಸ್ವಲ್ಪ ಮೇಲೆ. ಅದೇ ಓಯಿತಾ ಪ್ರಾಂತದ ಬೆಟ್ಟಗಳಲ್ಲಿರುವ ಹಾಚೋಬಾರು ಸ್ಥಾವರವು ೧೯೭೭ರಲ್ಲಿ ಒಂದು, ೧೯೯೦ರಲ್ಲಿ ಇನ್ನೊಂದು ಯಂತ್ರದೊಡನೆ ೧,೧೦,೦೦೦ ಕಿಲೋವಾಟಿನಷ್ಟು ದೊಡ್ಡದಾಯಿತು. ೨೦೧೧ರ ಫುಕುಶಿಮಾ ಅಣುಸ್ಥಾವರದ ದುರಂತವಾದ ಮೇಲೆ ಭೂಶಾಖದ ವಿದ್ಯುತ್ತಿಗೆ ಸರಕಾರದ ಪ್ರೋತ್ಸಾಹ ಹೆಚ್ಚಿತು. ಬೆಪ್ಪುವಿನಲ್ಲಿಯೂ ಚಿಕ್ಕ ಚಿಕ್ಕ ಯಂತ್ರಗಳು ಎದ್ದುವು. ಹೊಗೆಯಿಲ್ಲದ ಶಕ್ತಿ ಲೋಕಕ್ಕೆ ಬೇಕು, ನಿಜ. ಆದರೆ ಅವರವರ ಇಚ್ಛೆಯಂತೆ ನೆಲವನ್ನು ಕೊರೆದರೆ ಕೆಳಗಿನ ಬೀದಿಯ ಸ್ನಾನಗೃಹದ ನೀರು ತಣ್ಣಗಾಗದೆಂದು ಯಾರು ಹೊಣೆ? ಆದಕಾರಣ ಇಂಥ ಯಂತ್ರಗಳನ್ನು ಹೂಡುವವರು ಮುಂದಾಗಿಯೇ ನಗರಸಭೆಯೊಡನೆ ಸಮಾಲೋಚಿಸಬೇಕೆಂದು ೨೦೧೬ರಲ್ಲಿ ಊರಿನಲ್ಲಿ ನಿಬಂಧನೆ ಮಾಡಿದರು.

ಈ ಎಚ್ಚರಕ್ಕೆ ಕಾರಣವುಂಟು. ಬೆಪ್ಪುವಿನ ಬಿಸಿನೀರು ಯಾತ್ರಿಕರಿಗಾಗಿ ಮಾತ್ರ ಇರುವುದಲ್ಲ. ಕೇರಿಕೇರಿಗೂ ಒಂದೊಂದು ಸಾಮಾನ್ಯ ಸ್ನಾನಗೃಹವುಂಟು; ಊರಿನಲ್ಲಿ ಇಂಥವು ನೂರಕ್ಕೂ ಹೆಚ್ಚು. ಎಷ್ಟೋ ಕಡೆ ಕೇರಿಯವರೇ ಸೇರಿ ಅದನ್ನು ನಡೆಸುತ್ತಾರೆ, ಸರದಿಯಂತೆ ಉಜ್ಜಿ ತೊಳೆಯುತ್ತಾರೆ, ಅಲ್ಪವಾದ ಹಣದಲ್ಲಿ ಮೀಯುತ್ತಾರೆ. ಅಂಗಡಿಯವನೂ ಮೇಷ್ಟರೂ ಕೂಲಿಯವನೂ ಅಲ್ಲಿ ಒಂದೇ ನೀರಿನಲ್ಲಿ ಕುಳಿತು ದಿನದ ಸುದ್ದಿ ಹೇಳಿಕೊಳ್ಳುತ್ತಾರೆ. ಒಬ್ಬನೇ ಬದುಕುವ ಮುದುಕನು ಎರಡು ದಿನ ಸ್ನಾನಕ್ಕೆ ಬಾರದಿದ್ದರೆ ನೆರೆಯವರು ಹೋಗಿ ಬಾಗಿಲು ತಟ್ಟುವರು. ೧೮೭೯ರಲ್ಲಿ ಆರಂಭವಾಗಿ ೧೯೩೮ರಲ್ಲಿ ಈಗಿನ ಕಟ್ಟಡವನ್ನು ಪಡೆದ ತಾಕೆಗಾವಾರಾ ಸ್ನಾನಗೃಹದ ದೊಡ್ಡ ಮಾಡಿನ ಮುಂದೆ ಸಂಜೆ ಹಾದುಹೋಗುವಾಗ, ಕಂಕುಳಲ್ಲಿ ಬಕೆಟ್ಟು, ಹೆಗಲ ಮೇಲೆ ಟವಲು ಇಟ್ಟುಕೊಂಡ ಜನರು ಬರುವುದನ್ನೂ ಹೋಗುವುದನ್ನೂ ಕಂಡೆವು. ಈ ನೀರು ತಣ್ಣಗಾದರೆ ತಣ್ಣಗಾಗುವುದು ನೀರೊಂದೇ ಅಲ್ಲ.

ನಮ್ಮ ದೇಶದಲ್ಲಿಯೂ ಬಿಸಿನೀರಿನ ತೀರ್ಥಗಳಿಗೆ ಕೊರತೆಯಿಲ್ಲ. ಬದರಿಯ ತಪ್ತಕುಂಡ, ಬಿಹಾರದ ರಾಜಗೃಹ, ವಂಗದೇಶದ ವಕ್ರೇಶ್ವರ ಇವು ಪ್ರಸಿದ್ಧವಾದವು. ಕನ್ನಡನಾಡಿನಲ್ಲಿಯೇ ದಕ್ಷಿಣ ಕನ್ನಡದ ಪುತ್ತೂರಿನ ಬಳಿ ಇರ್ದೆಯ ಬೆಂದ್ರುತೀರ್ಥವುಂಟು. ಅದನ್ನು ಕಂಡ ಕನ್ನಡಿಗರು ಎಷ್ಟು ಮಂದಿ? ಬೆಪ್ಪುವಿನವರಂತೆ ನಾವೂ ಟಿಕೇಟು ಇಟ್ಟು ಮೊಸಳೆ ಸಾಕಬೇಕೆ ಎಂಬುದು ಬೇರೆ ಮಾತು. ನೆಲದ ನೀರು ಎಲ್ಲರದು, ಇಳಿಯುವ ಮುಂಚೆ ಮೈ ತೊಳೆದುಕೊಳ್ಳಬೇಕು, ಎದ್ದಮೇಲೆ ತೊಟ್ಟಿ ಉಜ್ಜಬೇಕು ಎಂಬ ಅವರ ಮೂರು ಕಟ್ಟಳೆಗಳಾದರೂ ನಮ್ಮ ಕೆರೆಗೆ, ಬಾವಿಗೆ, ಹೊಳೆಗೆ ಸಲ್ಲತಕ್ಕವೇ ಆಗಿವೆ. ಬೆಳೆಯಿಲ್ಲದ, ಬೆಂದ ನೆಲವನ್ನು ನರಕವೆಂದು ಕರೆದ ಜನರೇ ಅದರಲ್ಲಿ ಅನ್ನ ಬೇಯಿಸಿದರು, ಮದ್ದು ಮಾಡಿದರು, ನೆರೆಯವರನ್ನು ಕೂಡಿಸಿದರು. ನರಕವನ್ನು ಮನೆಯನ್ನಾಗಿ ಮಾಡುವುದಕ್ಕೆ ಬಹುಶಃ ಇದಕ್ಕಿಂತ ಬೇರೆ ಮಂತ್ರವಿಲ್ಲ.